ಯೂಟ್ಯೂಬ್ ಓಡ್ತೈತೆ, ನಿಮ್ಮ ಆ್ಯಪ್ ಯಾಕ್ರೀ ಓಡಲ್ಲ?

ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ಹೊಲದ ಫೋಟೊ, ಬೆಳೆಯ ವಿವರ ಸಂಗ್ರಹಿಸುವ ಮೊಬೈಲ್ ಆ್ಯಪ್ ನಡೆಸಿದ ನಮ್ಮಂಥವರಿಗೆ ಈ ಪ್ರಶ್ನೆ ಬಾಯಿಪಾಠ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕೇಳಿದ್ದು ಇದೇ, ಜಗಳೂರಿನ ಮೆಕ್ಕೆಜೋಳದ ಹೊಲದ ಬದುವಿನ ಮೇಲೆ ಕೇಳಿದ್ದೂ ಇದೇ. ಕೇಳುವವರು ಆಯಾ ಊರಿನ ಹುಡುಗರು. ಪಿಯುಸಿಯೋ ಡಿಪ್ಲೊಮಾವೋ ಮುಗಿಸಿ, ಒಂದು ಸರ್ವೆ ನಂಬರಿಗೆ ಇಷ್ಟು ಎಂಬ ಲೆಕ್ಕದಲ್ಲಿ ಸಮೀಕ್ಷೆಗೆ ಬಂದವರು. ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಸಿನಿಮಾ ಹಾಡು ನೋಡುವ ಫೋನಿನಲ್ಲೇ ಹೊಲದ ಫೋಟೊ ಮಾತ್ರ ಸುತ್ತುತ್ತಾ ನಿಲ್ಲುತ್ತದೆ. 'ನೆಟ್‌ವರ್ಕ್ ಇಲ್ಲ' ಎಂಬ ಸಿದ್ಧ ಉತ್ತರ ಅವರ ಮುಂದೆ ನಡೆಯುವುದಿಲ್ಲ, ಹಾಡು ಓಡುತ್ತಿದೆಯಲ್ಲ!

ಪ್ರಶ್ನೆ ಒಳ್ಳೆಯದು. ಅದಕ್ಕೆ ನೆಟ್ಟಗೆ ಉತ್ತರ ಕೊಡಬೇಕೆಂದರೆ ಇಂಟರ್ನೆಟ್ಟಿನ ನಲವತ್ತು ವರ್ಷದ ಚರಿತ್ರೆಯನ್ನು ಸ್ವಲ್ಪ ಕೆದಕಬೇಕಾಗುತ್ತದೆ.

ಮೊದಲು ಫೋನಿನ ಮೂಲೆಯಲ್ಲಿ ಕಾಣುವ ಪಾಯಿಂಟ್‌ಗಳ ವಿಚಾರ. ಟವರಿನ ಸಿಗ್ನಲ್ ಫೋನಿಗೆ ಎಷ್ಟು ಬಲವಾಗಿ ತಲುಪುತ್ತಿದೆ ಎಂಬುದನ್ನಷ್ಟೇ ಅವು ತೋರಿಸುತ್ತವೆ. ಫೋನಿನ ಸಿಗ್ನಲ್ ಟವರಿಗೆ ತಲುಪುತ್ತಿದೆಯೇ ಎಂಬುದು ಅವುಗಳಿಂದ ತಿಳಿಯುವುದಿಲ್ಲ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಪ್ರಸಾರ ಮಾಡಿದರೆ, ಸಾಮಾನ್ಯ 4ಜಿ ಫೋನಿನ ಮಿತಿ ಸುಮಾರು 0.2 ವ್ಯಾಟ್. ಹಾಡು ಕೆಳಗಿಳಿಯುವ ಸರಕು, ಫೋಟೊ ಮೇಲೇರುವ ಸರಕು. ತೋಟದೊಳಗೆ ಸೋಗೆಗಳು ತರಂಗವನ್ನು ಹೀರುತ್ತವೆ, ಮಳೆಯಲ್ಲಿ ಒದ್ದೆಯಾದಾಗ ಇನ್ನೂ ಹೆಚ್ಚು. ಚನ್ನಗಿರಿ ಕಡೆಯ ಹುಡುಗರು ಫೋಟೊ ತೆಗೆದು, ಬೇಲಿ ದಾಟಿ ರಸ್ತೆಗೆ ಬಂದು ಕಳಿಸುವ ಪದ್ಧತಿಯನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದರು.

ಇಷ್ಟೇ ಆಗಿದ್ದರೆ ಫೋಟೊ ನಿಧಾನವಾಗಿಯಾದರೂ ಹೋಗಬೇಕಿತ್ತು. ಅರ್ಧಕ್ಕೆ ನಿಂತು, ಮತ್ತೆ ಸೊನ್ನೆಯಿಂದ ಶುರುವಾಗುವುದಕ್ಕೆ ಕಾರಣ ಬೇರೆ ಇದೆ. ಅದರ ಹೆಸರು ಟಿಸಿಪಿ.

ಇಂಟರ್ನೆಟ್ಟಿನಲ್ಲಿ ಸರಕು ಸಾಗಿಸುವ ಈ ನಿಯಮಾವಳಿ 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 793 ಎಂಬ ದಾಖಲೆಯಾಗಿ ಹೊರಬಂತು. ಕಳಿಸುವುದನ್ನು ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು ನಂಬರ್ ಹಾಕಬೇಕು, ಮುಟ್ಟಿತೆಂಬ ಮಾರುತ್ತರಕ್ಕೆ ಕಾಯಬೇಕು, ಬರದಿದ್ದರೆ ಮತ್ತೆ ಕಳಿಸಬೇಕು. 1986ರ ಅಕ್ಟೋಬರಿನಲ್ಲಿ ಈ ಕೊನೆಯ ನಿಯಮವೇ ಮುಳುವಾಯಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಸುಮಾರು 400 ಗಜ. ಅಷ್ಟರಲ್ಲೇ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಬಿದ್ದುಹೋಯಿತು. ಎಲ್ಲರೂ ಮತ್ತೆ ಮತ್ತೆ ಕಳಿಸಿ ದಾರಿಯೇ ಕಟ್ಟಿಹೋಗಿತ್ತು. ಅದಕ್ಕೆ ಮದ್ದು ಹುಡುಕಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ಪ್ಯಾಕೆಟ್ ಕಳೆಯಿತೆಂದರೆ ದಾರಿಯಲ್ಲಿ ದಟ್ಟಣೆ ಇದೆ ಎಂದೇ ತಿಳಿದು ಕೂಡಲೇ ಕೈ ಬಿಗಿ ಹಿಡಿಯಬೇಕು. ತಂತಿಯ ಜಾಲದಲ್ಲಿ ದಟ್ಟಣೆಯನ್ನು ಬಿಟ್ಟರೆ ಪ್ಯಾಕೆಟ್ ಹಾಳಾಗುವುದು ತೀರ ಅಪರೂಪವಾಗಿದ್ದರಿಂದ ಆ ಊಹೆ ಸರಿಯಾಗಿತ್ತು. ಇವತ್ತು ಇಂಟರ್ನೆಟ್ ನಿಂತಿರುವುದಕ್ಕೆ ಆ ಪ್ರಬಂಧವೂ ಒಂದು ಕಾರಣ.

ಗಾಳಿಯಲ್ಲಿ ಆ ಊಹೆ ಕೈಕೊಡುತ್ತದೆ. ಸೂಳೆಕೆರೆಯ ತೂಬಿನ ಹತ್ತಿರ ಒಬ್ಬ ನೀರಗಂಟಿ ಇದ್ದಾನೆ, ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲ ಎಂಬ ಸುದ್ದಿ ಬಂದಾಗಲೆಲ್ಲ 'ಕಾಲುವೆ ತುಂಬಿ ಒಡೆದಿರಬೇಕು' ಎಂದು ತೂಬನ್ನು ಅರ್ಧ ಇಳಿಸುತ್ತಾನೆ ಎಂದಿಟ್ಟುಕೊಳ್ಳಿ. ಕಾಲುವೆ ನಿಜಕ್ಕೂ ತುಂಬಿದ್ದರೆ ಅವನು ಜಾಣ. ಆದರೆ ನಡುವೆ ಎಲ್ಲೋ ಏಡಿ ಬಿಲ ಬಿದ್ದು ನೀರು ಸೋರಿದ್ದರೆ? ಕೊನೆಯ ಗದ್ದೆಯವನಿಗೆ ಇದ್ದ ನೀರೂ ತಪ್ಪುತ್ತದೆ. ಗುಡ್ಡದ ಮರೆ, ಒದ್ದೆ ಸೋಗೆ, ಟವರಿನಿಂದ ಟವರಿಗೆ ದಾಟುವ ಗಳಿಗೆ, ಇವೆಲ್ಲ ಏಡಿ ಬಿಲಗಳು. ಟಿಸಿಪಿಗೆ ಅವು ಕಾಣುವುದಿಲ್ಲ.

ಇದಕ್ಕಿಂತ ಹೆಚ್ಚು ಕಾಡಿಸಿದ್ದು ಟೈಮರು. ಮಾರುತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು ಎಂಬುದಕ್ಕೆ 2011ರ ಆರ್‌ಎಫ್‌ಸಿ 6298 ಲೆಕ್ಕ ಕೊಡುತ್ತದೆ. ಶುರುವಿಗೆ ಕನಿಷ್ಠ 1 ಸೆಕೆಂಡ್, ಆಮೇಲೆ ಪ್ರತಿ ಸೋಲಿಗೂ ದುಪ್ಪಟ್ಟು: 2, 4, 8, 16, 32. ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಕಡೆಯ ಗುಡ್ಡದ ರಸ್ತೆಯಲ್ಲಿ ಬೈಕ್ ಹೋಗುತ್ತಿದೆ, ತಿರುವಿನಲ್ಲಿ 35 ಸೆಕೆಂಡ್ ಸಿಗ್ನಲ್ ಸತ್ತಿತು ಎನ್ನಿ. ಫೋನು 1ನೇ, 3ನೇ, 7ನೇ, 15ನೇ, 31ನೇ ಸೆಕೆಂಡಿನಲ್ಲಿ ಯತ್ನಿಸಿ ಸೋಲುತ್ತದೆ. 35ಕ್ಕೆ ಸಿಗ್ನಲ್ ಬಂದರೂ ಮುಂದಿನ ಯತ್ನ 63ನೇ ಸೆಕೆಂಡಿಗೆ. ನಡುವಿನ 28 ಸೆಕೆಂಡ್ ಪಾಯಿಂಟ್ ಪೂರ್ತಿ ಇದ್ದೂ ಏನೂ ಹೋಗುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು ಅಷ್ಟರಲ್ಲಿ ಮುನ್ನೂರು ಮೀಟರಿಗಿಂತ ಹೆಚ್ಚು ಹೋಗಿ ಮುಂದಿನ ತಿರುವು ಸೇರಿರುತ್ತದೆ. 'ಪಾಯಿಂಟ್ ಐತೆ, ಹೋಗಲ್ಲ ಸಾರ್' ಎಂದು ಹುಡುಗರು ಹೇಳುತ್ತಿದ್ದುದು ಅಕ್ಷರಶಃ ನಿಜ.

ಜಗಳೂರಿನ ಬಯಲಿನಲ್ಲಿ ಗುಡ್ಡದ ಅಡ್ಡಿ ಅಷ್ಟಿಲ್ಲ. ಅಲ್ಲಿ ಟವರಿನಿಂದ ಟವರಿಗೆ ದೂರ, ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ಟವರೇ ಮಲಗುತ್ತದೆ. ಇಂಥ ಕಡೆ ತೊಂದರೆ ಕೊಡುವುದು ನಿಧಾನಗತಿಗಿಂತ ಹೆಚ್ಚಾಗಿ ಕಡಿತ. 'ಸ್ಪೀಡ್ ಜಾಸ್ತಿ ಮಾಡಿಸಿ' ಎಂಬ ಬೇಡಿಕೆ ಸಭೆಗಳಲ್ಲಿ ಆಗಾಗ ಬರುತ್ತದೆ. ಸ್ಪೀಡ್ ಹತ್ತು ಪಟ್ಟು ಆದರೂ ಕಡಿದಲ್ಲಿಂದ ಮುಂದುವರಿಸುವ ಕಲೆ ಆ್ಯಪ್‌ಗೆ ಗೊತ್ತಿಲ್ಲದಿದ್ದರೆ ಪ್ರಯೋಜನವಿಲ್ಲ.

ವಿದ್ವಾಂಸರಿಗೆ ಈ ಕಾಯಿಲೆ ತಿಳಿಯದೆ ಇರಲಿಲ್ಲ. 1995ರಲ್ಲಿ ಬರ್ಕ್ಲಿಯ ಹರಿ ಬಾಲಕೃಷ್ಣನ್ ಮತ್ತು ಸಂಗಡಿಗರು 'ಸ್ನೂಪ್' ಎಂಬ ಉಪಾಯ ಹೂಡಿದರು. ಟವರಿನ ಬಳಿಯೇ ಪ್ಯಾಕೆಟ್‌ಗಳ ಪ್ರತಿ ಇಟ್ಟುಕೊಂಡು, ಗಾಳಿಯಲ್ಲಿ ಕಳೆದದ್ದನ್ನು ದೂರದ ಸರ್ವರಿಗೆ ಗೊತ್ತಾಗದಂತೆ ಅಲ್ಲಿಂದಲೇ ತುಂಬಿಕೊಡುವುದು. ಅದೇ ವರ್ಷ ರಟ್ಗರ್ಸ್ ವಿಶ್ವವಿದ್ಯಾಲಯದ ಅಜಯ್ ಬಕ್ರೆ ಮತ್ತು ಬಿ.ಆರ್. ಬದರೀನಾಥ್ ಸಂಪರ್ಕವನ್ನೇ ಟವರಿನ ಹತ್ತಿರ ಎರಡಾಗಿ ಸೀಳುವ 'ಐ-ಟಿಸಿಪಿ' ಮುಂದಿಟ್ಟರು. ಅದರ ತೊಡಕು ಏನೆಂದರೆ, ಫೋನಿಗೆ ಮುಟ್ಟುವ ಮೊದಲೇ ನಡುವಿನವನು 'ಮುಟ್ಟಿತು' ಎಂದು ರಸೀದಿ ಕೊಟ್ಟುಬಿಡಬಹುದು. ನನಗೆ ಇದು ಸಣ್ಣ ತೊಡಕಾಗಿ ಕಾಣುವುದಿಲ್ಲ, ಕಾರಣ ಮುಂದೆ ಬರುತ್ತದೆ. 1998ರ ಸುಮಾರಿಗೆ ಬಂದ ವ್ಯಾಪ್ ಮೊಬೈಲಿಗೆಂದೇ ಬೇರೆ ನಿಯಮಾವಳಿ ಬರೆಯಿತು. 2002ರ ಎರಡನೆಯ ಆವೃತ್ತಿಯಲ್ಲಿ ತಿರುಗಿ ಟಿಸಿಪಿಯ ಮನೆಗೇ ಬಂತು.

ಕೊನೆಗೆ ಮೊಬೈಲ್ ಜಾಲಗಳೇ ಹಾದಿ ಬದಲಿಸಿದವು. 4ಜಿಯಲ್ಲಿ ಹಾಳಾದ ತುಣುಕನ್ನು ಸುಮಾರು 8 ಮಿಲಿಸೆಕೆಂಡಿನಲ್ಲಿ ಟವರು-ಫೋನುಗಳೇ ತಮ್ಮೊಳಗೆ ಮರುಕಳಿಸಿಕೊಳ್ಳುತ್ತವೆ. ಹೀಗಾಗಿ ಪ್ಯಾಕೆಟ್ ಕಳೆಯುವುದು ಕಡಿಮೆಯಾಯಿತು, ತಡವಾಗುವುದು ಹೆಚ್ಚಾಯಿತು. ನಡುವಿನ ಬಫರುಗಳಲ್ಲಿ ಸರಕು ರಾಶಿ ಬಿದ್ದು, ಮಾರುತ್ತರಕ್ಕೆ ಕೆಲವು ಸೆಕೆಂಡುಗಳೇ ಹಿಡಿಯುವುದುಂಟು. 2010ರ ಹೊತ್ತಿಗೆ ಜಿಮ್ ಗೆಟಿಸ್ ಎಂಬ ಎಂಜಿನಿಯರ್ 'ಬಫರ್‌ಬ್ಲೋಟ್' ಎಂದು ಕರೆದು ಜಗತ್ತಿನ ಗಮನ ಸೆಳೆದದ್ದು ಇದನ್ನೇ.

ಈಗ ಯೂಟ್ಯೂಬ್ ಯಾಕೆ ಓಡುತ್ತದೆ ಎಂಬುದಕ್ಕೆ ಬರೋಣ. ಹಾಡಿನಲ್ಲಿ ಕಳಿಸುವುದು ಗೂಗಲ್‌ನ ಸರ್ವರು, ಹೊಲದ ಫೋಟೊದಲ್ಲಿ ಕಳಿಸುವುದು ಹುಡುಗನ ಹಳೆಯ ಫೋನು. ದಟ್ಟಣೆಯನ್ನು ಹೇಗೆ ಅಳೆಯಬೇಕೆಂದು ತೀರ್ಮಾನಿಸುವುದು ಕಳಿಸುವ ಕಡೆಯವರು. ಗೂಗಲ್ 2016ರಲ್ಲಿ ಬಿಬಿಆರ್ ಎಂಬ ಹೊಸ ವಿಧಾನ ಪ್ರಕಟಿಸಿ ಯೂಟ್ಯೂಬ್ ಸರ್ವರುಗಳಿಗೂ ಅಳವಡಿಸಿತು. ಅದು ಕಳೆದ ಪ್ಯಾಕೆಟ್ ಎಣಿಸುವ ಬದಲು ದಾರಿಯ ಅಗಲವನ್ನೂ ತಡವನ್ನೂ ಅಳೆದು ವೇಗ ಗೊತ್ತುಮಾಡುತ್ತದೆ. ಅದನ್ನು ರೂಪಿಸಿದವರಲ್ಲಿ ಅದೇ ವ್ಯಾನ್ ಜೇಕಬ್‌ಸನ್ ಕೂಡ ಒಬ್ಬರು! ಇದರ ಮೇಲೆ ಯೂಟ್ಯೂಬ್ ಸಿಗ್ನಲ್ ಇರುವಾಗ ಹಾಡನ್ನು ಮುಂಚಿತವಾಗಿ ತುಂಬಿಟ್ಟುಕೊಳ್ಳುತ್ತದೆ, ಸಾಲದೆ ಬಂದರೆ ಚಿತ್ರದ ಗುಣಮಟ್ಟ ಇಳಿಸುತ್ತದೆ. ಅರ್ಧ ನಿಮಿಷದ ಕಡಿತ ನೋಡುವವನಿಗೆ ತಿಳಿಯುವುದೇ ಇಲ್ಲ.

ಇನ್ನೊಂದು ವ್ಯತ್ಯಾಸವಿದೆ. ಟಿಸಿಪಿ ಸಂಪರ್ಕದ ಗುರುತು ಎರಡೂ ಕಡೆಯ ಐಪಿ ವಿಳಾಸ ಮತ್ತು ಪೋರ್ಟ್ ನಂಬರುಗಳು. ಹುಡುಗ ಪಂಚಾಯಿತಿ ಕಚೇರಿಯ ವೈಫೈ ಬಿಟ್ಟು ಹೊರಗೆ ಬಂದ ಎನ್ನಿ, ಫೋನು ಮೊಬೈಲ್ ಡೇಟಾಕ್ಕೆ ಹೊರಳುತ್ತದೆ, ವಿಳಾಸ ಬದಲಾಗುತ್ತದೆ, ಹಳೆಯ ಸಂಪರ್ಕ ಅಲ್ಲಿಗೇ ಸಾಯುತ್ತದೆ. ಗೂಗಲ್ 2012ರ ಸುಮಾರಿಗೆ ಶುರುಮಾಡಿದ 'ಕ್ವಿಕ್' ಎಂಬ ನಿಯಮಾವಳಿ ಸಂಪರ್ಕಕ್ಕೆ ವಿಳಾಸದಿಂದ ಬೇರೆಯಾದ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ವಿಳಾಸ ಬದಲಾದರೂ ಮಾತು ಮುಂದುವರಿಯಬಹುದು. 2021ರ ಮೇ ತಿಂಗಳಲ್ಲಿ ಅದು ಆರ್‌ಎಫ್‌ಸಿ 9000 ಆಗಿ ಅಂಗೀಕೃತ ನಿಯಮವಾಯಿತು.

ನಮ್ಮ ತಂಡವೂ ಕ್ವಿಕ್ ಅಳವಡಿಸಿತು. ರಸ್ತೆಯಲ್ಲಿ ಓಡಾಡುವವರಿಗೆ ಅನುಕೂಲವಾಯಿತು, ಸುಳ್ಳಲ್ಲ. ಆದರೆ ಹೆಚ್ಚು ಫಲ ಕೊಟ್ಟದ್ದು ಅದಕ್ಕಿಂತ ಸಾದಾ ಕೆಲಸಗಳು. ಮೂರು-ನಾಲ್ಕು ಎಂಬಿ ಫೋಟೊವನ್ನು ಫೋನಿನಲ್ಲೇ ಕುಗ್ಗಿಸಿ, ಸಣ್ಣ ಹೋಳುಗಳಾಗಿ ಕಳಿಸುವುದು. ಸಂಪರ್ಕ ಮರಳಿದಾಗ ಫೋನು ಮೊದಲು ಸರ್ವರನ್ನು 'ಯಾವ ಹೋಳು ಬಂದಿದೆ?' ಎಂದು ಕೇಳಿ ಉಳಿದದ್ದನ್ನು ಮಾತ್ರ ಕಳಿಸುವುದು. ಸಿಗ್ನಲ್ ಮರಳಿತೆಂದು ಫೋನು ಸೂಚಿಸಿದ ಕೂಡಲೇ ಹಳೆಯ ಟೈಮರಿಗೆ ಕಾಯದೆ ಹೊಸ ಸಂಪರ್ಕ ತೆರೆಯುವುದು. ಟಿಸಿಪಿ ತನ್ನೊಳಗೆ ಮಾಡುವ ನಂಬರು, ಮಾರುತ್ತರ, ಮರುಕಳಿಕೆಯ ಕೆಲಸವನ್ನೇ ಒಂದು ಅಂತಸ್ತು ಮೇಲೆ ಮತ್ತೆ ಮಾಡಿದಂತಾಯಿತು. ಪಠ್ಯಪುಸ್ತಕ ಇದನ್ನು ವ್ಯರ್ಥ ಶ್ರಮ ಎನ್ನಬಹುದು. ಹೊನ್ನಾಳಿ ತಾಲ್ಲೂಕಿನ ಗದ್ದೆ ಬಯಲಲ್ಲಿ ಅದು ವ್ಯರ್ಥವಾಗಿರಲಿಲ್ಲ.

ಮಾರುತ್ತರ ಕಳೆದುಹೋಗುವ ಪ್ರಕರಣ ಇನ್ನೂ ವಿಚಿತ್ರ. ವಿವರ ಸರ್ವರಿಗೆ ಮುಟ್ಟಿದೆ, ಮುಟ್ಟಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಬಿದ್ದುಹೋಗಿದೆ. ಹುಡುಗ ಮತ್ತೆ ಕಳಿಸುತ್ತಾನೆ, ಒಂದು ಎಕರೆ ಶೇಂಗಾ ಎರಡು ಎಕರೆ ಆಗುತ್ತದೆ. ಯುಪಿಐಯಲ್ಲಿ ದುಡ್ಡು ಕಟ್ ಆಗಿ 'ಪೆಂಡಿಂಗ್' ಎಂದು ತೋರಿಸುವಾಗಲೂ ಹಲವು ಸಲ ಇದೇ ಕಥೆ. ಪ್ರತಿ ದಾಖಲೆಗೂ ಫೋನಿನಲ್ಲೇ ಒಂದು ವಿಶಿಷ್ಟ ನಂಬರ್ ಹುಟ್ಟಿಸಿ, ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರು ಹೊಸದಾಗಿ ಬರೆದುಕೊಳ್ಳದೆ ಹಳೆಯ ಉತ್ತರವನ್ನೇ ಮತ್ತೆ ಕೊಡುವಂತೆ ಮಾಡಿದರೆ ಇದಕ್ಕೆ ಪರಿಹಾರ. ಫೋನಿನಲ್ಲಿ ಉಳಿದಿದ್ದರೆ ಒಂದು ಟಿಕ್, ಸರ್ವರಿಗೆ ಮುಟ್ಟಿ ಉತ್ತರ ಬಂದಿದ್ದರೆ ಎರಡು ಟಿಕ್, ಎಂದು ತೋರಿಸಿದ ಮೇಲೆ ದೂರು ಅರ್ಧಕ್ಕರ್ಧ ಇಳಿಯಿತು. ಅದಕ್ಕೂ ಮೊದಲು ಹುಡುಗರು ಪ್ರತಿ ಹೊಲಕ್ಕೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತಿದ್ದರು. ಅವರ ಕೂಲಿ ದಾಖಲೆಯ ಲೆಕ್ಕದಲ್ಲಿ ತಾನೆ! ನ್ಯಾಮತಿಯ ಒಬ್ಬ ಹುಡುಗ ಹೇಳಿದ್ದು: 'ಲೇಟಾದ್ರೆ ಆಗ್ಲಿ ಸಾರ್, ಹೋಗೈತೋ ಇಲ್ವೋ ಅಷ್ಟು ಹೇಳ್ಲಿ ಸಾಕು.' ನಡುವಿನವನು ಮುಂಚೆಯೇ ಕೊಡುವ ರಸೀದಿ ಸಣ್ಣ ತೊಡಕಲ್ಲ ಎಂದದ್ದು ಇದಕ್ಕೇ.

ತಡವನ್ನು ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಕರ್ನಾಟಕಕ್ಕೆ ಹೊಸದೇನಲ್ಲ. ಇಪ್ಪತ್ತು ವರ್ಷಗಳ ಹಿಂದೆ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ 'ಡಾಕ್‌ನೆಟ್' ಎಂಬ ಪ್ರಯೋಗ ನಡೆಯಿತು. ಎಂಐಟಿಯ ಮೀಡಿಯಾ ಲ್ಯಾಬ್‌ನವರ ಕಲ್ಪನೆ ಅದು. ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕಟ್ಟಿ, ಭೂಮಿ ಯೋಜನೆಯ ಪಹಣಿ ಅರ್ಜಿಗಳನ್ನು ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೂ ಉತ್ತರಗಳನ್ನು ಹಳ್ಳಿಗೂ ಸಾಗಿಸುತ್ತಿದ್ದರು. ಬಸ್ಸು ಊರು ಹಾಯುವ ಕೆಲವೇ ನಿಮಿಷಗಳಲ್ಲಿ ಸರಾಸರಿ 20 ಎಂಬಿಯಷ್ಟು ಸರಕು ಹತ್ತಿ ಇಳಿಯುತ್ತಿತ್ತು ಎಂದು 2004ರಲ್ಲಿ ಪ್ರಕಟವಾದ ಅವರ ಲೇಖನ ದಾಖಲಿಸುತ್ತದೆ. ಕಡಿತವನ್ನೇ ಸಹಜ ಸ್ಥಿತಿ ಎಂದು ಹಿಡಿದು ಜಾಲ ಕಟ್ಟುವ ಶಾಸ್ತ್ರವನ್ನು ಕೆವಿನ್ ಫಾಲ್ ಮಂಡಿಸಿದ್ದು 2003ರಲ್ಲಿ. ಬಾಹ್ಯಾಕಾಶ ನೌಕೆಗಳಿಗೆ ಬೇಕಾದದ್ದೂ ಅದೇ ಶಾಸ್ತ್ರ.

ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳೂ ಇದೇ ಕುಲದವು. 1988ರಲ್ಲಿ, ಅಂದರೆ ಜೇಕಬ್‌ಸನ್ ಪ್ರಬಂಧ ಬಂದ ವರ್ಷವೇ, ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ಸಂಸ್ಥೆ ಅದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಂತ ಅದರ ಮಾಪಕಗಳು ಮೊಬೈಲ್ ಜಾಲದ ಮೂಲಕ 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುತ್ತವೆ. ಜಗಳೂರಿನಂಥ ಬರದ ಸೀಮೆಯಲ್ಲಿ ಆ ಲೆಕ್ಕದ ಬೆಲೆ ಹೇಳಬೇಕಾಗಿಲ್ಲ. ಸರಕು ಕೆಲವೇ ಬೈಟು, ಆದ್ದರಿಂದ ಸಣ್ಣ ಕಿಂಡಿಯಲ್ಲೂ ನುಸುಳುತ್ತದೆ. ಎಸ್‌ಎಂಎಸ್ ನುಸುಳುವುದೂ ಹೀಗೆಯೇ, ಫೋನು ಸಿಗುವ ತನಕ ಜಾಲವೇ ಅದನ್ನು ಇಟ್ಟುಕೊಂಡಿರುತ್ತದೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70 ಮಾತ್ರ, ಅದರಲ್ಲೂ ಒತ್ತು, ಕಾಗುಣಿತ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹೊಲದಿಂದ ಬರೀ ಸರ್ವೆ ನಂಬರ್, ಬೆಳೆಯ ಸಂಕೇತ ಕಳಿಸುವ ಕಡೆ ನಾವು ಎಸ್‌ಎಂಎಸ್ಸನ್ನೇ ನೆಚ್ಚಿಕೊಂಡೆವು.

ಇಟ್ಟುಕೊಂಡು ಆಮೇಲೆ ಕಳಿಸುವ ಉಪಾಯ ನಡೆಯದ ಜಾಗವೂ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಜ್ಜಿಯೊಬ್ಬರು ಹೆಬ್ಬೆಟ್ಟು ಒತ್ತಿದರೆ ಹೌದು-ಅಲ್ಲ ಎಂಬ ಉತ್ತರ ಆ ಕ್ಷಣವೇ ಬರಬೇಕು. ಹೋಗುವ ಸರಕು ಪುಟ್ಟದು. ಆದರೆ ಸಂಪರ್ಕ ತೆರೆಯಲು ಟಿಸಿಪಿಯ ಕೈಕುಲುಕಾಟ ಹೋಗಿಬರುವ ಒಂದು ಸುತ್ತು, ಹಳೆಯ ಬಗೆಯ ಗೂಢಲಿಪಿಯ ಒಪ್ಪಂದ ಎರಡು ಸುತ್ತು, ಆಮೇಲಷ್ಟೇ ಹೆಬ್ಬೆಟ್ಟಿನ ಸರದಿ. ಒಂದು ಸುತ್ತಿಗೆ 600 ಮಿಲಿಸೆಕೆಂಡ್ ಹಿಡಿದರೆ ಶುರುವಾಗುವಷ್ಟರಲ್ಲೇ 1.8 ಸೆಕೆಂಡ್, ನಡುವೆ ಒಂದು ಪ್ಯಾಕೆಟ್ ಬಿದ್ದರೆ ಟೈಮರಿನ ದಂಡ ಬೇರೆ. ಕ್ವಿಕ್ ಈ ಮೂರು ಸುತ್ತನ್ನು ಒಂದಕ್ಕೆ ಇಳಿಸುತ್ತದೆ, ಪರಿಚಯದ ಸರ್ವರಾದರೆ ಮೊದಲ ಪ್ಯಾಕೆಟ್ಟಿನಲ್ಲೇ ಸರಕು ಹೊರಡಬಹುದು. ಇಂಥ ಯಂತ್ರಗಳಿಗೆ ಅದು ಹೇಳಿ ಮಾಡಿಸಿದ ನಿಯಮಾವಳಿ ಎಂಬುದು ನನ್ನ ಅಭಿಪ್ರಾಯ. ಅಷ್ಟಾದರೂ ಪಡಿತರ ಹಂಚುವ ದಿನಗಳಲ್ಲಿ ಹತ್ತು ಗಂಟೆಯ ಮೇಲೆ ಎಲ್ಲ ಅಂಗಡಿಗಳಲ್ಲೂ ಒಟ್ಟಿಗೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಆಗುವುದು ಅಸಲಿ ದಟ್ಟಣೆಯೇ, 1988ರ ನಿಯಮ ಹೇಳಿದಂತೆ ಅಲ್ಲಿ ಕೈ ಬಿಗಿ ಹಿಡಿಯುವುದೇ ಸರಿ. ಹೊನ್ನಾಳಿ ಕಡೆಯ ಒಬ್ಬ ಅಂಗಡಿಯವರು ಇದನ್ನು ಯಾವ ಪ್ರಬಂಧವನ್ನೂ ಓದದೆ ಅರಿತು, ಏಳಕ್ಕೇ ಬಾಗಿಲು ತೆಗೆದು ವಯಸ್ಸಾದವರನ್ನು ಮೊದಲು ಕರೆಯುತ್ತಾರೆ.