ಮನೆ ವಿಮೆಯ ಪರಿಹಾರ: ವಿಳಂಬ ಏಕೆ, ತಪ್ಪಿಸುವುದು ಹೇಗೆ?

ದಾವಣಗೆರೆಯ ಹಳೆಯ ಪೇಟೆಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ಅಟ್ಟದ ಮೇಲೆ ದಾಸ್ತಾನು ಇರುವ ಕಟ್ಟಡಗಳು ಇಂದಿಗೂ ಕಡಿಮೆಯಿಲ್ಲ. ಹರಿಹರದಲ್ಲಿ ಮನೆಯ ಪಕ್ಕದ ಶೆಡ್ಡಿನಲ್ಲಿಯೇ ಲೇತ್ ಯಂತ್ರ ನಡೆಸುವ ಸಣ್ಣ ಉದ್ಯಮಿಗಳಿದ್ದಾರೆ. ಜೊತೆಗೆ ತುಂಗಭದ್ರೆ ತುಂಬಿ ಹರಿದಾಗ ತಗ್ಗು ಪ್ರದೇಶದವರಿಗೆ ನೀರಿನ ಭಯ. ಇಂತಹವರು ವಿಮೆ ಮಾಡಿಸಿದ್ದರೂ ಹಣ ಕೈಸೇರಲು ತಿಂಗಳುಗಟ್ಟಲೆ ಕಾಯುವುದನ್ನು ನಾವು ಕಾಣುತ್ತೇವೆ. ಈ ವಿಳಂಬದ ಕಾರಣಗಳನ್ನೂ ಪರಿಹಾರೋಪಾಯಗಳನ್ನೂ ಸದಸ್ಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರಾದ ಧಾನ್ಯದ ವರ್ತಕರೊಬ್ಬರ ಮನೆಯಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಬಿದ್ದಿತು. ಮನೆಗೂ ಅಂಗಡಿಗೂ ಪ್ರತ್ಯೇಕ ಪಾಲಿಸಿಗಳಿದ್ದವು. ಆದರೂ ಪರಿಹಾರ ಬರಲು ಏಳು ತಿಂಗಳು ಹಿಡಿಯಿತು. ಕಂಪನಿಯು ಕ್ಲೇಮನ್ನು ತಿರಸ್ಕರಿಸಲಿಲ್ಲ. ಪತ್ರದ ಮೇಲೆ ಪತ್ರ ಬರೆಯಿತು, ಅಷ್ಟೇ.

ಕಾರಣಗಳು ಮೂರು. ದೀಪಾವಳಿ ಹತ್ತಿರವಿದ್ದುದರಿಂದ ಮನೆಯವರು ಸರ್ವೇಯರ್ ಬರುವ ಮೊದಲೇ ಸುಟ್ಟ ಸಾಮಾನುಗಳನ್ನು ಹೊರಗೆ ಹಾಕಿ ಸುಣ್ಣ ಬಳಿಸಿದ್ದರು. ಅಂಗಡಿಯ ಚೀಲಗಳು ಮನೆಯ ಒಳಕೋಣೆಯಲ್ಲಿದ್ದವು. ಅದು ಯಾವ ಪಾಲಿಸಿಯಲ್ಲೂ ನಮೂದಾಗಿರಲಿಲ್ಲ. ಮೂರನೆಯದಾಗಿ, ಬ್ಯಾಂಕಿಗೆ ಕೊಟ್ಟಿದ್ದ ಸ್ಟಾಕ್ ಸ್ಟೇಟ್‌ಮೆಂಟಿಗೂ ಲೆಕ್ಕದ ಪುಸ್ತಕಕ್ಕೂ ತಾಳೆಯಾಗಲಿಲ್ಲ. ಈ ಕೊನೆಯ ತಪ್ಪಿನಲ್ಲಿ ನನ್ನ ಪಾಲೂ ಇತ್ತೆಂದು ಒಪ್ಪಿಕೊಳ್ಳಬೇಕು. ತಿಂಗಳ ಪಟ್ಟಿಯನ್ನು ಪುಸ್ತಕದೊಡನೆ ಹೋಲಿಸಿ ನೋಡಿರಲಿಲ್ಲ. ಅಷ್ಟರಲ್ಲಿ ಸುಗ್ಗಿಯ ಖರೀದಿಗಾಗಿ ಅವರು ಬಡ್ಡಿಗೆ ಸಾಲ ತರಬೇಕಾಯಿತು. ಬಂದ ಪರಿಹಾರದ ಒಂದು ಭಾಗ ಆ ಬಡ್ಡಿಗೇ ಹೋಯಿತು.

ನಿಯಮ ಏನು ಹೇಳುತ್ತದೆ?

ವಿಮಾ ನಿಯಂತ್ರಣ ಪ್ರಾಧಿಕಾರದ 2002ರ ನಿಯಮಗಳಂತೆ, ಸೂಚನೆ ತಲುಪಿದ 72 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕಿತ್ತು. ವರದಿಗೆ ಸಾಮಾನ್ಯವಾಗಿ 30 ದಿನ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನಕ್ಕೆ ಮತ್ತೆ 30 ದಿನ. 2017ರಲ್ಲಿ, ಅನಂತರ 2024ರಲ್ಲಿ ಹೊಸ ನಿಯಮಗಳು ಬಂದವು. 2024ರ ಸುತ್ತೋಲೆಗಳಂತೆ ಸರ್ವೇಯರ್ ನೇಮಕಕ್ಕೆ 24 ಗಂಟೆ, ವರದಿ ಬಂದ ಮೇಲೆ ತೀರ್ಮಾನಕ್ಕೆ 7 ದಿನ. ವರದಿಯ ಅವಧಿಯನ್ನೂ ಇಳಿಸಲಾಗಿದೆ. ಈ ಬಿಗಿ ಗಡುವುಗಳು ಮುಖ್ಯವಾಗಿ ಚಿಲ್ಲರೆ ಗ್ರಾಹಕರನ್ನು ಉದ್ದೇಶಿಸಿದವು. ಆದ್ದರಿಂದ ತಮ್ಮ ಪಾಲಿಸಿಗೆ ಯಾವ ಗಡುವು ಅನ್ವಯಿಸುತ್ತದೆಂಬುದನ್ನು ಕ್ಲೇಮಿನ ಮೊದಲ ಪತ್ರದಲ್ಲಿಯೇ ಬರಹದಲ್ಲಿ ಕೇಳುವುದು ಲೇಸು. ಕಂಪನಿಯ ವಿಳಂಬಕ್ಕೆ ಬ್ಯಾಂಕ್ ದರಕ್ಕಿಂತ ಶೇ. 2ರಷ್ಟು ಹೆಚ್ಚಿನ ಬಡ್ಡಿ ಕೇಳುವ ಹಕ್ಕೂ ಉಂಟು.

ಆದರೆ ಗಡಿಯಾರ ನಮ್ಮ ಕಡೆಗೂ ಓಡುತ್ತದೆ. ಮನೆಗಾಗಿ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನಷ್ಟ ಕಂಡ 30 ದಿನದೊಳಗೆ ಕ್ಲೇಮು ಅರ್ಜಿ ಕೊಡಬೇಕು. ಹಳೆಯ ಮಾದರಿಯ ಅಗ್ನಿ ವಿಮೆಯಲ್ಲಿ ಈ ಅವಧಿ 15 ದಿನ. ಸೂಚನೆಯನ್ನಂತೂ ಎರಡರಲ್ಲೂ ಕೂಡಲೇ ಕೊಡತಕ್ಕದ್ದು. ನ್ಯಾಯಯುತ ಕಾರಣದಿಂದಾದ ತಡವನ್ನೇ ನೆಪಮಾಡಿ ಕ್ಲೇಮು ತಿರಸ್ಕರಿಸಬಾರದೆಂದು ಪ್ರಾಧಿಕಾರವು 2011ರಲ್ಲಿ ಸೂಚಿಸಿತು. ವಾಹನ ಕಳವಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ 2017ರಲ್ಲಿ ಅದೇ ಅಭಿಪ್ರಾಯಪಟ್ಟಿತು. ಆದರೆ ಅದನ್ನು ನಂಬಿ ಸುಮ್ಮನಿರುವುದು ಜಾಣತನವಲ್ಲ.

ಪಾಲಿಸಿ ಮಾಡಿಸುವಾಗಲೇ ಗಮನಿಸಬೇಕಾದುದು

1. ವಿಮೆ ಕಟ್ಟಡಕ್ಕೆ, ನಿವೇಶನಕ್ಕಲ್ಲ. ಗೃಹ ರಕ್ಷಾದಲ್ಲಿ ಕಟ್ಟಡದ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿ ಮೊತ್ತ ನಿಗದಿಮಾಡಬೇಕು. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಗೃಹೋಪಯೋಗಿ ಸಾಮಾನುಗಳಿಗೆ ತಾನಾಗಿಯೇ ರಕ್ಷಣೆ ಇದೆ.

2. ಮನೆಯ ಪಾಲಿಸಿ ವ್ಯಾಪಾರದ ದಾಸ್ತಾನಿಗಲ್ಲ. ಒಂದೇ ಸ್ಥಳದ ಆಸ್ತಿಯ ಮೌಲ್ಯ 5 ಕೋಟಿವರೆಗಿದ್ದರೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’, ಅದಕ್ಕೆ ಮೇಲ್ಪಟ್ಟು 50 ಕೋಟಿವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’. ಮನೆಯ ಭಾಗದಲ್ಲಿ ಸರಕು ಇಡುವುದಾದರೆ ಅದನ್ನು ಪ್ರಸ್ತಾವನೆಯಲ್ಲಿ ತಿಳಿಸಿ, ಸ್ಥಳವನ್ನು ಪಾಲಿಸಿಯಲ್ಲಿ ಬರೆಸಬೇಕು.

3. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದರೆ ‘ಸರಾಸರಿ’ ಷರತ್ತು ಅನ್ವಯಿಸುತ್ತದೆ. ಹಳೆಯ ಮಾದರಿಯ ಪಾಲಿಸಿಯಲ್ಲಿ 40 ಲಕ್ಷದ ಸರಕಿಗೆ 24 ಲಕ್ಷದ ವಿಮೆ ಇದ್ದು, 5 ಲಕ್ಷದ ನಷ್ಟವಾದರೆ, ದೊರೆಯುವುದು 3 ಲಕ್ಷ ಮಾತ್ರ. ಸೂಕ್ಷ್ಮ ಮತ್ತು ಲಘು ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆಗೆ ವಿನಾಯಿತಿ ಇದೆ. ಗೃಹ ರಕ್ಷಾದಲ್ಲಿ ಈ ಕಡಿತವೇ ಇಲ್ಲ.

ನಷ್ಟವಾದ ಮೇಲೆ

ಮೊದಲ ದಿನವೇ ಮಿಂಚಂಚೆಯಲ್ಲಿಯೋ ಸಹಾಯವಾಣಿಯಲ್ಲಿಯೋ ಸೂಚನೆ ಕೊಟ್ಟು ಕ್ಲೇಮು ಸಂಖ್ಯೆ ಪಡೆಯಿರಿ. ಏಜೆಂಟರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಲದು. ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಕಳವಾದರೆ ಪೊಲೀಸ್ ದೂರಿನ ಪ್ರತಿ ಪಡೆಯಿರಿ. ಸರ್ವೇಯರ್ ನೋಡುವವರೆಗೆ ಸುಟ್ಟ ಅಥವಾ ನೆನೆದ ವಸ್ತುಗಳನ್ನು ಎಸೆಯಬೇಡಿ. ನಷ್ಟ ಹೆಚ್ಚಾಗದಂತೆ ಬೇರ್ಪಡಿಸಿ, ದಿನಾಂಕ ಕಾಣುವಂತೆ ಛಾಯಾಚಿತ್ರ ತೆಗೆಯಿರಿ. ತುರ್ತಾಗಿ ತೆರವು ಮಾಡಲೇಬೇಕಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ.

ಸರ್ವೇಯರ್ ಬಂದ ದಿನವೇ ಬೇಕಾದ ಎಲ್ಲ ದಾಖಲೆಗಳ ಪಟ್ಟಿಯನ್ನು ಒಂದೇ ಬಾರಿಗೆ ಬರಹದಲ್ಲಿ ಕೇಳಿ. ಕೊಟ್ಟ ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ. ಪತ್ರವ್ಯವಹಾರದಲ್ಲಿ ಕಳೆದುಹೋಗುವ ತಿಂಗಳುಗಳು ಇಲ್ಲಿಯೇ ಉಳಿಯುತ್ತವೆ.

ಲೆಕ್ಕದ ಬಗೆಗೆ ಎರಡು ಮಾತು. ನಾಶವಾದ ಸರಕಿನ ಮೇಲೆ ಪಡೆದ ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆಯನ್ನು 17(5)(ಎಚ್) ವಿಧಿಯಂತೆ ಹಿಂದಿರುಗಿಸಬೇಕು. ಆಗ ಆ ತೆರಿಗೆಯೂ ನಮ್ಮ ನಷ್ಟವೇ. ಆದ್ದರಿಂದ ವಿಮಾ ಮೊತ್ತ ನಿಗದಿಮಾಡುವಾಗಲೇ ಅದನ್ನು ಸೇರಿಸಿ, ಕ್ಲೇಮಿನಲ್ಲಿ ಜಮೆ ಹಿಂದಿರುಗಿಸಿದ ದಾಖಲೆಯೊಡನೆ ಕೇಳಬೇಕು. ಇನ್ನು ಸಾಲವಿದ್ದರೆ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಬ್ಯಾಂಕಿನ ಒಪ್ಪಿಗೆ ಪತ್ರವನ್ನು ಕೊನೆಯವರೆಗೆ ಕಾಯದೆ ಆರಂಭದಲ್ಲಿಯೇ ಕೇಳಿಡಿ. ಲೆಕ್ಕದ ಪುಸ್ತಕಗಳ ಒಂದು ಪ್ರತಿಯನ್ನು ಕಟ್ಟಡದ ಹೊರಗೆ ಇಡುವುದಂತೂ ಅವಶ್ಯ. ಸರಕಿನೊಂದಿಗೆ ಪುಸ್ತಕವೂ ಸುಟ್ಟರೆ ಸಾಕ್ಷಿಯೇ ಉಳಿಯುವುದಿಲ್ಲ.

ನ್ಯಾಯ ದೊರೆಯದಿದ್ದರೆ

ಹಣದ ತುರ್ತಿನಿಂದ ‘ಪೂರ್ಣ ಮತ್ತು ಅಂತಿಮ’ ರಸೀದಿಗೆ ಸಹಿ ಹಾಕುವ ಮುನ್ನ ಯೋಚಿಸಿ. ಒತ್ತಡದಿಂದ ಅಥವಾ ವಂಚನೆಯಿಂದ ಪಡೆದ ಇಂತಹ ಸಹಿಯಿಂದ ಗ್ರಾಹಕನ ಹಕ್ಕು ಹೋಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ ಅಜ್ಮೇರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಒತ್ತಡವನ್ನು ಸಾಬೀತುಪಡಿಸುವ ಹೊಣೆ ನಮ್ಮದೇ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವ್ಯಕ್ತಿಗಳಲ್ಲದೆ ಏಕಮಾಲೀಕತ್ವದ ಸಂಸ್ಥೆಗಳೂ ಸೂಕ್ಷ್ಮ ಉದ್ಯಮಗಳೂ ದೂರು ಕೊಡಬಹುದು. ಪರಿಹಾರದ ಮಿತಿಯನ್ನು 2023ರಲ್ಲಿ 30 ಲಕ್ಷದಿಂದ 50 ಲಕ್ಷಕ್ಕೆ ಏರಿಸಲಾಯಿತು. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ. ಅಲ್ಲಿ ಕಾಲಮಿತಿ 2 ವರ್ಷ.

ಈ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವ ದಿನ ಪಾಲಿಸಿಯನ್ನೂ ಒಮ್ಮೆ ಹೊರತೆಗೆದು ವಿಳಾಸ, ಮೊತ್ತ, ಬ್ಯಾಂಕಿನ ಹೆಸರು, ಅವಧಿ ಈ ನಾಲ್ಕನ್ನು ಪುಸ್ತಕದೊಡನೆ ತಾಳೆ ನೋಡಬೇಕೆಂದು ಸದಸ್ಯರಲ್ಲಿ ವಿನಂತಿ. ಅರ್ಧ ಗಂಟೆಯ ಕೆಲಸ. ನನ್ನ ಕಕ್ಷಿದಾರರಿಗೆ ಅದನ್ನು ಮಾಡಿಸಿದ್ದರೆ ಏಳು ತಿಂಗಳ ಕಾಯುವಿಕೆಯಲ್ಲಿ ಬಹುಭಾಗ ತಪ್ಪುತ್ತಿತ್ತು.