ನಾಲ್ಕು ವೃತ್ತಗಳಿಗೆ ಸಿಗದ ಅಜ್ಜಿ: ಒಂದು ಇಕಿಗಾಯ್ ಪಾಠದ ಅನುಭವ

ಎರಡನೇ ವರ್ಷದ ಶಾಲಾ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಬೋಧನಾ ವಿಷಯ ಕನ್ನಡ ಮತ್ತು ಸಮಾಜ ವಿಜ್ಞಾನ. ಶನಿವಾರದ ಕೊನೆಯ ಅವಧಿಯನ್ನು ಅಲ್ಲಿ ಮೌಲ್ಯ ಶಿಕ್ಷಣಕ್ಕೆಂದು ಬಿಟ್ಟಿದ್ದರು. ಮನೆಗೆ ಹೋಗುವ ಆತುರದಲ್ಲಿರುವ ಮಕ್ಕಳನ್ನು ಹಿಡಿದು ಕೂರಿಸುವ ಆ ಅವಧಿ ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಅದು ಪ್ರಶಿಕ್ಷಣಾರ್ಥಿಯ ಪಾಲಿಗೆ ಬಂತು. ಪಠ್ಯವಿಲ್ಲ, ಪರೀಕ್ಷೆಯಿಲ್ಲ, ಏನು ಬೇಕಾದರೂ ಮಾಡಿಮ್ಮ ಎಂದರು ಮುಖ್ಯೋಪಾಧ್ಯಾಯರು.

ಆ ದಿನಗಳಲ್ಲಿ ನಾನು ಇಕಿಗಾಯ್ ಪುಸ್ತಕವನ್ನು ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದೆ. ಹಾಸ್ಟೆಲ್ಲಿನ ನಮ್ಮ ಕೋಣೆಯ ಮೂವರಲ್ಲಿ ಇಬ್ಬರ ಮೊಬೈಲ್ ಪರದೆಯ ಮೇಲೆ ಅದೇ ನಾಲ್ಕು ವೃತ್ತಗಳ ಚಿತ್ರ. ನಿನಗೆ ಇಷ್ಟವಾದದ್ದು, ನಿನಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ನಿನಗೆ ಸಂಬಳ ತರುವುದು; ನಾಲ್ಕೂ ಕೂಡುವ ನಡುವಿನ ಜಾಗವೇ ಇಕಿಗಾಯ್. ಬಿ.ಎಡ್. ಮುಗಿದ ಮೇಲೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಆ ಚಿತ್ರ ಎಷ್ಟು ಸಮಾಧಾನ ಕೊಡುತ್ತದೆ ಎಂಬುದನ್ನು ಓದುಗ ಮಿತ್ರರಿಗೆ ನಾನು ವಿವರಿಸಬೇಕಾಗಿಲ್ಲ. ಇದನ್ನೇ ಪಾಠ ಮಾಡೋಣ ಎಂದುಕೊಂಡೆ.

ಮೊದಲ ಪಾಠ

ಪಾಠಯೋಜನೆ ಚೊಕ್ಕವಾಗಿಯೇ ಇತ್ತು. ಪೀಠಿಕೆಗೆ ಒಡೆದು ಅಂಟಿಸಿದ ಒಂದು ಪಿಂಗಾಣಿ ಬಟ್ಟಲು. ಬಿರುಕುಗಳ ಮೇಲೆ ಅಂಗಡಿಯಿಂದ ತಂದ ಚಿನ್ನದ ಬಣ್ಣ ಬಳಿದಿದ್ದೆ. ಜಪಾನಿನವರು ಇದಕ್ಕೆ ಕಿನ್‌ತ್ಸುಗಿ ಎನ್ನುತ್ತಾರೆ, ಅವರು ಒಡೆದುದನ್ನು ಎಸೆಯುವುದಿಲ್ಲ, ಬಂಗಾರದಿಂದ ಬೆಸೆಯುತ್ತಾರೆ ಎಂದೆ. ನಿಜವಾಗಿ ಬೆಸೆಯುವುದು ಉರುಶಿ ಎಂಬ ಮರದ ಅಂಟುರಸ. ಬಂಗಾರದ ಪುಡಿ ಮೇಲೆ ಉದುರಿಸುವುದು ಮಾತ್ರ. ಒಂದು ಬಟ್ಟಲು ಸಿದ್ಧವಾಗಲು ವಾರಗಳೇ ಹಿಡಿಯುತ್ತವೆ. ಅದು ಆಮೇಲೆ ತಿಳಿದದ್ದು. ಒಡೆದ ಪಾತ್ರೆ ಮನೆಯಲ್ಲಿಟ್ಟರೆ ಒಳ್ಳೆಯದಲ್ಲ ಅಂತ ಅಮ್ಮ ಬೈತಾಳೆ ಎಂದಳು ಒಬ್ಬ ಹುಡುಗಿ. "ನೋಡಿದ್ರಾ, ಅದಕ್ಕೇ ಅವರು ಮುಂದಿದ್ದಾರೆ" ಎಂದುಬಿಟ್ಟೆ. ತರಗತಿ ತಲೆಯಾಡಿಸಿತು.

ಆಮೇಲೆ ಕಪ್ಪುಹಲಗೆಯ ಮೇಲೆ ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ನಾಲ್ಕು ವೃತ್ತ ಬರೆದೆ. ಇದು ಜಪಾನಿನ ಸಾವಿರಾರು ವರ್ಷಗಳ ಜ್ಞಾನ ಎಂದೆ. ನಿಮ್ಮ ಮನೆಯ ಒಬ್ಬರನ್ನು ನೆನೆದು ವೃತ್ತಗಳನ್ನು ತುಂಬಿಸಿ ಎಂದು ಚಟುವಟಿಕೆ ಕೊಟ್ಟೆ. ಐದು ನಿಮಿಷವಾದ ಮೇಲೆ ಎರಡನೇ ಸಾಲಿನ ಹುಡುಗನೊಬ್ಬ ಎದ್ದು ನಿಂತ.

"ಮಿಸ್, ನಮ್ಮಜ್ಜಿ ಮದುವೆ ಮನೇಲೆಲ್ಲ ಸೋಬಾನೆ ಹಾಡ್ತಾಳೆ. ಅವಳಿಗೆ ಇಷ್ಟ. ಚೆನ್ನಾಗೂ ಬರ್ತದೆ. ಊರವರು ಕರೀತಾರೆ. ದುಡ್ಡು ಇಸ್ಕೊಳಲ್ಲ. ಮೂರೇ ವೃತ್ತ ಬಂತು. ಅವಳಿಗೆ ಇಕಿಗಾಯ್ ಇಲ್ವಾ ಮಿಸ್?"

ಗಡಿಯಾರ ನೋಡಿದೆ. ಮೌಲ್ಯಮಾಪನಕ್ಕೆ ಎಂಟು ನಿಮಿಷವಷ್ಟೇ ಉಳಿದಿತ್ತು. "ಎಲೆ ಅಡಿಕೆ ಕೊಡ್ತಾರಲ್ಲ, ಅದನ್ನೇ ನಾಲ್ಕನೇ ವೃತ್ತಕ್ಕೆ ಹಾಕಪ್ಪ" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ಕುಳಿತ. ಅವಧಿ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಹೋಗುವಾಗ ನೋಡಿದೆ, ಮೂರು ವೃತ್ತಗಳನ್ನೂ ರಬ್ಬರಿನಿಂದ ಅಳಿಸಿದ್ದ.

ಪಾಠ ವೀಕ್ಷಿಸಿದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಪೀಠಿಕೆ ಆಕರ್ಷಕ, ಕಪ್ಪುಹಲಗೆಯ ಕೆಲಸ ಚೆನ್ನಾಗಿದೆ, ಧ್ವನಿ ಸ್ಪಷ್ಟ ಎಂದೆಲ್ಲ ಬರೆದರು. ಕೊನೆಯಲ್ಲಿ ಒಂದು ಸಾಲಿತ್ತು: ಈ ಚಿತ್ರ ಯಾರು ಬರೆದದ್ದು?

ಚಿತ್ರ ಯಾರದು?

ಹುಡುಕಿದಾಗ ಮೊದಲು ಬಿದ್ದುಹೋದದ್ದು ನನ್ನ 'ಸಾವಿರಾರು ವರ್ಷ'. ಆ ನಾಲ್ಕು ವೃತ್ತಗಳ ಚಿತ್ರ ಜಪಾನಿನದೇ ಅಲ್ಲ. ಸ್ಪೇನ್ ದೇಶದ ಜ್ಯೋತಿಷಿಯೊಬ್ಬರು ಬರೆದದ್ದು. ಅದರ ನಡುವೆ 'ಉದ್ದೇಶ' ಎಂಬರ್ಥದ ಸ್ಪ್ಯಾನಿಷ್ ಪದವಿತ್ತು. 2014ರಲ್ಲಿ ಮಾರ್ಕ್ ವಿನ್ ಎಂಬವರು ಆ ಪದ ತೆಗೆದು ಇಕಿಗಾಯ್ ಎಂದು ಹಾಕಿದರು. ಒಕಿನಾವಾದ ದೀರ್ಘಾಯುಷಿಗಳ ಬಗ್ಗೆ ಅಮೆರಿಕದ ಡ್ಯಾನ್ ಬ್ಯೂಟ್ನರ್ ಮಾಡಿದ ಭಾಷಣದಲ್ಲಿ ಅವರು ಆ ಪದವನ್ನು ಕೇಳಿದ್ದರು. ನಾನು ಓದಿದ ಪುಸ್ತಕವೂ ಸ್ಪೇನಿನ ಇಬ್ಬರು ಲೇಖಕರು 2016ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದ್ದು. ಜಪಾನಿನ ಪ್ರಾಚೀನ ಜ್ಞಾನವೆಂದು ನಾನು ಹಲಗೆಯ ಮೇಲೆ ಬರೆದದ್ದು ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗಿಂತ ಚಿಕ್ಕದು.

ಪದ ಮಾತ್ರ ಜಪಾನಿನದೇ. ಇಕಿ ಎಂದರೆ ಬದುಕು. ಗಾಯ್ ಎಂದರೆ ಮಾಡಿದ್ದಕ್ಕೆ ತಕ್ಕದ್ದು, ಸಾರ್ಥಕ. ಇದೇ ಗಾಯ್ ಸೇರಿ ಹತರಾಕಿಗಾಯ್ ಎಂದರೆ ದುಡಿಮೆಯ ಸಾರ್ಥಕ, ಯಾರಿಗಾಯ್ ಎಂದರೆ ಮಾಡುವುದರ ಸಾರ್ಥಕ. ದುಡಿಮೆಗೆ ಬೇರೆಯೇ ಪದವಿದೆ ಎಂಬುದನ್ನು ಕನ್ನಡ ಬೋಧಿಸುವ ನಾನು ಗಮನಿಸಬೇಕಿತ್ತು. ಇಕಿಗಾಯ್‌ಗೆ ಸಂಬಳದ ಹಂಗಿಲ್ಲ. "ನೀನೊಬ್ಬ ಪಾಸಾದ್ರೆ ನಾನು ಬದುಕಿದ್ದಕ್ಕೂ ಸಾರ್ಥಕ" ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ಬಳಕೆ. ನಮ್ಮ ಹುಡುಗನ ಅಜ್ಜಿಯನ್ನು ಹೊರಗಿಟ್ಟದ್ದು ಜಪಾನ್ ಅಲ್ಲ, ನಾಲ್ಕನೇ ವೃತ್ತ. ಅದನ್ನು ಬರೆದವಳು ನಾನು.

ಹೊರಗಿನವರಿಗೆ ಹೇಳಿದ ಜಪಾನ್

ಇಲ್ಲಿಂದ ನನ್ನ ಕುತೂಹಲ ಸ್ವಲ್ಪ ಹಿಂದಕ್ಕೆ ಹೋಯಿತು. ಹೊರಗಿನವರನ್ನು ಜಪಾನಿನ ಹಳೆಯ ಸಂಸ್ಕೃತಿ ಹೀಗೆ ಸೆಳೆಯುವುದು ಯಾವಾಗಿನಿಂದ? 1853ರಲ್ಲಿ ಅಮೆರಿಕದ ಪೆರ್ರಿಯ ಹಡಗುಗಳು ಬರುವವರೆಗೆ ಆ ದೇಶ ಇನ್ನೂರಕ್ಕೂ ಹೆಚ್ಚು ವರ್ಷ ಹೊರಗಿನವರಿಗೆ ಬಹುಪಾಲು ಬಾಗಿಲು ಹಾಕಿಕೊಂಡಿತ್ತು. ಬಾಗಿಲು ತೆರೆದದ್ದೇ ತಡ, ಎದೋ ನಗರದಲ್ಲಿ ಅಗ್ಗಕ್ಕೆ ಮಾರುತ್ತಿದ್ದ ಮರದಚ್ಚಿನ ಚಿತ್ರಗಳು ಯುರೋಪಿನಲ್ಲಿ ಕಲೆಯಾದವು. ವ್ಯಾನ್ ಗೋ 1887ರಲ್ಲಿ ಹಿರೋಶಿಗೆಯ ಚಿತ್ರಗಳನ್ನು ನೋಡಿಕೊಂಡು ಬರೆದ; ಜಪಾನಿಗೆ ಅವನು ಹೋದವನೇ ಅಲ್ಲ.

ಹೋದವರಲ್ಲಿ ನಮ್ಮ ವೃತ್ತಿಯವನೇ ಒಬ್ಬನಿದ್ದ. ಲಾಫ್ಕಾಡಿಯೊ ಹರ್ನ್ 1890ರಲ್ಲಿ ಮತ್ಸುಎ ಊರಿನ ಮಾಧ್ಯಮಿಕ ಶಾಲೆಯಲ್ಲೂ ಶಿಕ್ಷಕರ ತರಬೇತಿ ಶಾಲೆಯಲ್ಲೂ ಇಂಗ್ಲಿಷ್ ಕಲಿಸಲು ಸೇರಿದ. ಅಲ್ಲಿಯ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, 1896ರಲ್ಲಿ ಅಲ್ಲಿಯ ಪ್ರಜೆಯಾಗಿ, ಕೊಯಿಝುಮಿ ಯಾಕುಮೊ ಎಂಬ ಹೆಸರಿಟ್ಟುಕೊಂಡ. ಹಳೆಯ ಕತೆಗಳನ್ನು ಹೆಂಡತಿ ಹೇಳುತ್ತಿದ್ದಳು, ಅವನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ನನಗೆ ತಮಾಷೆಯೆನಿಸಿದ್ದು ಇದು: ಶಿಷ್ಯರು ಹೊಸ ಕಾಲಕ್ಕೆ ಬೇಕಾದ ಇಂಗ್ಲಿಷನ್ನು ಅವನಿಂದ ಕಲಿಯುತ್ತಿದ್ದರೆ, ಅವನು ಅವರ ಊರಿನ ದೆವ್ವದ ಕತೆಗಳ ಹಿಂದೆ ಬಿದ್ದಿದ್ದ. ಸುಮಾರು ಅದೇ ಕಾಲಕ್ಕೆ, 1898ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರೂ ಜಪಾನಿಗೆ ಹೋದರು. ಅವರು ಕಂಡು ಬಂದದ್ದು ಶಿಕ್ಷಣ, ಕೈಗಾರಿಕೆ, ದುಡಿಮೆ; 1920ರ 'ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ' ಪುಸ್ತಕದಲ್ಲಿ ಭಾರತಕ್ಕೆ ಮಾದರಿಯಾಗಿ ಅವರು ಮುಂದಿಟ್ಟದ್ದು ಆ ಜಪಾನನ್ನು. ಹೋದವರು ಏನು ಹುಡುಕಿಕೊಂಡು ಹೋದರೋ ಅದು ಅವರಿಗೆ ಸಿಕ್ಕಿತು.

ಜಪಾನಿನವರು ಸುಮ್ಮನೆ ನೋಡಿಸಿಕೊಳ್ಳುತ್ತ ಕೂರಲಿಲ್ಲ. ಒಕಾಕುರಾ 'ದಿ ಬುಕ್ ಆಫ್ ಟೀ' ಪುಸ್ತಕವನ್ನು 1906ರಲ್ಲಿ ಪ್ರಕಟಿಸಿದ್ದು ನ್ಯೂಯಾರ್ಕಿನಲ್ಲಿ, ಇಂಗ್ಲಿಷಿನಲ್ಲಿ. ನಿತೊಬೆ ಇನಾಝೊ ಅವರ 'ಬುಶಿದೊ' 1900ರಲ್ಲಿ ಬಂದದ್ದೂ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿ. ಆ ಪುಸ್ತಕ ಹುಟ್ಟಿದ ಬಗೆ ಶಿಕ್ಷಕರಾಗುವವರು ತಿಳಿಯಬೇಕಾದದ್ದು. ಬೆಲ್ಜಿಯಮ್ಮಿನ ವಿದ್ವಾಂಸ ದ ಲಾವೆಲೆ ಅವರ ಮನೆಯಲ್ಲಿ ಅತಿಥಿಯಾಗಿದ್ದಾಗ ನಿತೊಬೆಗೆ ಒಂದು ಪ್ರಶ್ನೆ ಎದುರಾಯಿತು: ನಿಮ್ಮ ಶಾಲೆಗಳಲ್ಲಿ ಧರ್ಮಬೋಧೆ ಇಲ್ಲ ಎನ್ನುತ್ತೀರಿ, ಹಾಗಾದರೆ ಮಕ್ಕಳಿಗೆ ನೀತಿ ಕಲಿಸುವುದು ಹೇಗೆ? ಆಗ ಉತ್ತರ ಹೊಳೆಯಲಿಲ್ಲ ಎಂದು ಅವರೇ ಮುನ್ನುಡಿಯಲ್ಲಿ ಹೇಳುತ್ತಾರೆ. ಅಮೆರಿಕದವರಾದ ಅವರ ಹೆಂಡತಿಯೂ ಜಪಾನಿನ ರೀತಿನೀತಿಗಳ ಕಾರಣ ಕೇಳುತ್ತಿದ್ದರು. ಉತ್ತರ ಹುಡುಕುತ್ತ ಹೋಗಿ ಸಮುರಾಯ್‌ಗಳ ನೀತಿಸಂಹಿತೆಯನ್ನು, ಯುರೋಪಿನ ವೀರರ ಜೊತೆಗೂ ಬೈಬಲ್ಲಿನ ಜೊತೆಗೂ ಹೋಲಿಸುತ್ತ, ಇಂಗ್ಲಿಷ್ ಓದುಗರಿಗೆ ಹಿಡಿಸುವಂತೆ ಕಟ್ಟಿಕೊಟ್ಟರು. ಟೋಕಿಯೊದಲ್ಲಿ ಪ್ರಾಧ್ಯಾಪಕರಾಗಿದ್ದ ಚೇಂಬರ್ಲಿನ್, ಈ ಬುಶಿದೊ ಎಂಬುದು ಈಚೆಗೆ ಕಟ್ಟಿದ್ದು ಎಂದು 1912ರಲ್ಲಿ ಟೀಕಿಸಿದರು.

ಮೌಲ್ಯ ಶಿಕ್ಷಣದ ಅವಧಿಯಲ್ಲಿ ಏನು ಮಾಡುವುದೆಂದು ತಿಳಿಯದೆ ಜಪಾನಿನ ಕಡೆ ನೋಡಿದವಳು ನಾನು. ನಿತೊಬೆಯ ಮುನ್ನುಡಿಯಲ್ಲಿ ಅದೇ ಪ್ರಶ್ನೆ ಇದ್ದದ್ದು ಕಂಡು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತಿದ್ದೆ.

ನಮ್ಮವರಿಗೆ ಇನ್ನೊಂದು ಸೆಳೆತವೂ ಇದೆ, ನಾನೂ ಅದರಿಂದ ಹೊರತಲ್ಲ. ಧ್ಯಾನ ಎಂಬ ಪದ ಚೀನಾದಲ್ಲಿ ಛಾನ್ ಆಗಿ ಜಪಾನಿನಲ್ಲಿ ಝೆನ್ ಆಯಿತು, ನಮ್ಮ ಸರಸ್ವತಿ ಅಲ್ಲಿ ಬೆನ್‌ಝೈತೆನ್ ಎಂದು ಓದಿದಾಗ ಎದೆ ಉಬ್ಬುತ್ತದೆ. ಇವು ನಿಜ. ಆದರೆ ಎದೆ ಉಬ್ಬಿದಾಗ ಜಪಾನನ್ನು ನೋಡುತ್ತಿದ್ದೇವೋ ಕನ್ನಡಿಯನ್ನೋ ಎಂದು ನನಗೆ ಈಗೀಗ ಅನುಮಾನ. ಹಾಗೆಂದು ಇದೆಲ್ಲ ಸುಳ್ಳು, ಹೊರಗಿನವರಿಗಾಗಿ ಮಾಡಿದ ಅಲಂಕಾರ ಎಂದು ತಳ್ಳಿಹಾಕುವುದೂ ಸೋಮಾರಿತನವೇ. ನನ್ನನ್ನು ಆ ತಪ್ಪಿನಿಂದ ತಡೆದವರು ಕಾಮಿಯಾ ಮಿಏಕೊ.

ದ್ವೀಪದ ಡಾಕ್ಟರಮ್ಮ

ಜಪಾನಿನಲ್ಲಿ ಇಕಿಗಾಯ್ ಬಗ್ಗೆ ಗಂಭೀರವಾಗಿ ಬರೆದವರಲ್ಲಿ ಕಾಮಿಯಾ (1914–1979) ಮೊದಲ ಸಾಲಿನವರು. ಅವರ 'ಇಕಿಗಾಯ್ ನಿ ತ್ಸುಯಿತೆ', ಅಂದರೆ 'ಇಕಿಗಾಯ್ ಕುರಿತು', 1966ರದು. ಮನೋವೈದ್ಯೆಯಾಗಿದ್ದ ಅವರು 1957ರಿಂದ ನಾಗಶಿಮಾ ದ್ವೀಪದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಕೆಲಸ ಮಾಡಿದರು. 1930ರಲ್ಲಿ ತೆರೆದ ಆ ಧಾಮಕ್ಕೆ ಸೇರಿಸಲ್ಪಟ್ಟವರು ಮನೆ, ಕೆಲಸ, ಎಷ್ಟೋ ಸಲ ಸ್ವಂತ ಹೆಸರನ್ನೂ ಬಿಟ್ಟು ಬರಬೇಕಿತ್ತು. ಮನೆಯವರಿಗೆ ಕಳಂಕ ತಟ್ಟದಿರಲೆಂದು ಬೇರೆ ಹೆಸರಿಟ್ಟುಕೊಳ್ಳುತ್ತಿದ್ದರು. ಮಹಾಯುದ್ಧದ ನಂತರ ಔಷಧಿ ಬಂತು, ರೋಗ ವಾಸಿಯಾಯಿತು. ಕಾನೂನು ರದ್ದಾದದ್ದು ಮಾತ್ರ 1996ರಲ್ಲಿ. ದ್ವೀಪಕ್ಕೆ ಸೇತುವೆಯಾದದ್ದೇ 1988ರಲ್ಲಿ.

ಒಂದೇ ರೋಗ, ಒಂದೇ ದ್ವೀಪ, ಒಂದೇ ಊಟ. ಆದರೂ ಒಬ್ಬರಿಗೆ ಬದುಕು ಬರಿದು, ಇನ್ನೊಬ್ಬರಿಗೆ ತುಂಬಿದೆ. ಇದು ಹೇಗೆ ಎಂಬುದೇ ಕಾಮಿಯಾ ಅವರ ಪ್ರಶ್ನೆ. ಇಕಿಗಾಯ್ ಎಂಬ ಮಾತಿನಲ್ಲಿ ಎರಡು ಸೇರಿವೆ ಎನ್ನುತ್ತಾರೆ ಅವರು: ಬದುಕಿಗೆ ಸಾರ್ಥಕ ಕೊಡುವ ವಸ್ತು ಅಥವಾ ವ್ಯಕ್ತಿ ಒಂದು, ಸಾರ್ಥಕವೆನಿಸುವ ಭಾವ ಇನ್ನೊಂದು. ಹಾಗೆಂದು ಕಾಮಿಯಾ ಶುದ್ಧ ಜಪಾನೀ ಪರಂಪರೆಯಿಂದಷ್ಟೇ ಮಾತಾಡಿದವರೂ ಅಲ್ಲ. ಬಾಲ್ಯದಲ್ಲಿ ಜಿನೀವಾದಲ್ಲಿದ್ದವರು, ರೋಮಿನ ಮಾರ್ಕಸ್ ಔರೇಲಿಯಸ್‌ನ ಚಿಂತನೆಗಳನ್ನು ಜಪಾನೀ ಭಾಷೆಗೆ ತಂದವರು. ಅವರ ತಂದೆ ನಿತೊಬೆಯ ಶಿಷ್ಯರು.

ಎರಡನೇ ಪಾಠ

ಮುಂದಿನ ಶನಿವಾರ ಬಟ್ಟಲನ್ನೂ ಬಣ್ಣದ ಸೀಮೆಸುಣ್ಣವನ್ನೂ ಹಾಸ್ಟೆಲ್ಲಿನಲ್ಲೇ ಬಿಟ್ಟು ಹೋದೆ. ಹೋದ ವಾರ ನಾನು ಎರಡು ತಪ್ಪು ಹೇಳಿದೆ ಎಂದು ಶುರು ಮಾಡಿದೆ. ಚಿತ್ರ ಜಪಾನಿನದಲ್ಲ, ಮತ್ತೆ, ಎಲೆ ಅಡಿಕೆಯ ಮಾತು ಆಡಬಾರದಿತ್ತು. ಎರಡನೇ ಸಾಲಿನ ಕಡೆ ನೋಡದೆ ಹೇಳಿದೆ, ಅಷ್ಟು ಧೈರ್ಯ ಇರಲಿಲ್ಲ. ಶಿಕ್ಷಕಿ ತಪ್ಪೊಪ್ಪಿಕೊಂಡರೆ ತರಗತಿ ನಿಯಂತ್ರಣ ತಪ್ಪುತ್ತದೆ ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಆ ದಿನ ನನಗೆ ಸಿಕ್ಕಷ್ಟು ಗಮನ ಆ ಹದಿನಾರು ವಾರಗಳಲ್ಲಿ ಮತ್ತೆ ಸಿಗಲಿಲ್ಲ.

ಆಮೇಲೆ ದ್ವೀಪದ ಕತೆ ಹೇಳಿದೆ. ದೃಷ್ಟಿ ಹೋಗಿ, ಬೆರಳುಗಳ ಸ್ಪರ್ಶವೂ ಹೋದ ಕೆಲವರು ಬ್ರೈಲ್ ಚುಕ್ಕೆಗಳನ್ನು ನಾಲಿಗೆಯಿಂದ ಓದಲು ಕಲಿತರು ಎಂದಾಗ ಹಿಂದಿನ ಬೆಂಚೂ ಸುಮ್ಮನಾಯಿತು. ಅಲ್ಲಿಯ ಕುರುಡು ರೋಗಿಗಳು ಸೇರಿ ಹಾರ್ಮೋನಿಕಾ ನುಡಿಸುವ ತಂಡ ಕಟ್ಟಿದ್ದರು, ಅದಕ್ಕೆ ನೀಲಿಹಕ್ಕಿ ಎಂಬ ಹೆಸರಿತ್ತು ಎಂದೆ. "ಕಾಯಿಲೆ ವಾಸಿಯಾದ ಮೇಲೂ ಯಾಕೆ ಮಿಸ್ ಬಿಡಲಿಲ್ಲ?" ಎಂದು ಬಟ್ಟಲಿನ ಹುಡುಗಿ ಕೇಳಿದಳು. ಅದು ಸಮಾಜ ವಿಜ್ಞಾನದ ಪ್ರಶ್ನೆ. ಮಂಗಳವಾರದ ಅವಧಿಯಲ್ಲಿ ಮೂಲಭೂತ ಹಕ್ಕುಗಳ ಪಾಠ ಅಲ್ಲಿಂದಲೇ ಆರಂಭವಾಯಿತು. ಜಪಾನಿನವರು ನಮಗಿಂತ ಮುಂದಿದ್ದಾರೆ ಎಂದು ನಾನು ಕಲಿಸಿದ್ದ ಮಕ್ಕಳು, ಅವರು ಮಾಡಿದ ಅನ್ಯಾಯವನ್ನೂ ಅನ್ಯಾಯ ಎಂದು ಕರೆಯಲು ಶಕ್ತರಾದರು. ಇದನ್ನು ಕಲಿಕಾ ಫಲದ ಯಾವ ಅಂಕಣದಲ್ಲಿ ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಿದ್ದೇನೆ.

ಮನೆಕೆಲಸವಾಗಿ ಒಂದೇ ಕೊಟ್ಟೆ: ಮನೆಯ ಹಿರಿಯರೊಬ್ಬರನ್ನು ಕೇಳಿ, ಬದುಕಿದ್ದಕ್ಕೆ ಸಾರ್ಥಕ ಅನಿಸುವುದು ಯಾವುದರಿಂದ ಎಂದು. ಅವರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. ಇಕಿಗಾಯ್ ಪದವನ್ನು ಉತ್ತರವಾಗಿ ಕೊಟ್ಟಾಗ ಮಕ್ಕಳು ವೃತ್ತ ತುಂಬಿಸಿದ್ದರು. ಪ್ರಶ್ನೆಯಾಗಿ ಕೊಟ್ಟಾಗ ಮನೆಗೆ ಹೋಗಿ ಮಾತಾಡಿಸಿದರು. ಪರದೇಶದ ವಿಚಾರವೊಂದನ್ನು ತರಗತಿಗೆ ಒಯ್ಯುವ ಪ್ರಶಿಕ್ಷಣಾರ್ಥಿ ಮಿತ್ರರು, ಇದನ್ನು ಯಾರು, ಯಾರಿಗೆ, ಯಾವ ಭಾಷೆಯಲ್ಲಿ ಹೇಳಿದರು ಎಂದು ಪಾಠಯೋಜನೆ ಬರೆಯುವ ಮೊದಲೇ ಕೇಳಿಕೊಂಡರೆ ನನ್ನ ಮೊದಲ ಪಾಠದ ಗತಿ ನಿಮ್ಮದಾಗದು.

ಮೇಡಂ ಈ ಪಾಠಕ್ಕೆ ಹಿಂದಿನಷ್ಟೇ ಅಂಕ ಕೊಟ್ಟರು. ಕಪ್ಪುಹಲಗೆಯ ಬಳಕೆ ಸಾಲದು, ಸಮಯಪಾಲನೆ ಇಲ್ಲ ಎಂದು ಬರೆದಿದ್ದಾರೆ. ಎರಡೂ ಸರಿ.

ಚೀಟಿಗಳು ಸೋಮವಾರ ಬಂದವು. ಮಗಳ ಮದುವೆ, ಕೊಳವೆಬಾವಿಯಲ್ಲಿ ನೀರು ಬಿದ್ದ ದಿನ, ಧರ್ಮಸ್ಥಳಕ್ಕೆ ಹೋಗಿಬಂದದ್ದು, ಏನೂ ಇಲ್ಲ ಎಂದವರೂ ಇದ್ದರು. ಎರಡನೇ ಸಾಲಿನ ಹುಡುಗನ ಚೀಟಿ ಎಲ್ಲಕ್ಕಿಂತ ಕೆಳಗಿತ್ತು. "ಅಜ್ಜಿನ ಕೇಳ್ದೆ. ನಕ್ಕೊಂಡು, ಹೋಗ್ಲಾ ಕೆಲ್ಸ ನೋಡು ಅಂದ್ಲು. ರಾತ್ರಿ ಅವಳೇ ಕರ್ದು ಒಂದು ಪದ ಹೇಳ್ಕೊಟ್ಲು. ಅರ್ಧ ಬಂತು."