ಛತ್ರಕ್ಕೆ ಮುಂಗಡ ಕೊಡುವ ಮೊದಲು ಪಾಸ್ಖ ನೋಡು

ಮಗಳೇ, 2027ರ ಫೆಬ್ರವರಿ 14ಕ್ಕೆ ಮದುವೆ ಇಟ್ಟುಕೊಳ್ಳೋಣ ಎಂದು ನೀನು ಹೇಳಿದಾಗ ನಿಮ್ಮಮ್ಮ ಸುಮ್ಮನಾದದ್ದಕ್ಕೆ ಕಾರಣವಿದೆ. ಅಂದು ತಪಸ್ಸುಕಾಲದ ಮೊದಲ ಭಾನುವಾರ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಆ ವರ್ಷ ಫೆಬ್ರವರಿ 10ಕ್ಕೇ ಬರುತ್ತದೆ. 2026ರಲ್ಲಿ ಅದು ಫೆಬ್ರವರಿ 18, ಅದರ ಹಿಂದಿನ ವರ್ಷ ಮಾರ್ಚ್ 5. ಹಬ್ಬಗಳು ಯಾಕಪ್ಪಾ ಹೀಗೆ ಓಡಾಡುತ್ತವೆ ಎಂದು ಬೇಸರಪಡಬೇಡ, ಲೆಕ್ಕ ಕಲಿತುಕೋ.

ಜನವರಿಯಿಂದ ಶುರುಮಾಡಬೇಡ. ಮೊದಲು ಪಾಸ್ಖ ಹಬ್ಬ, ಅಂದರೆ ಈಸ್ಟರ್, ಹುಡುಕು. ಮಾರ್ಚ್ 21ರಂದು ಇಲ್ಲವೇ ಅದರಾಚೆಗೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಪಾಸ್ಖ. ಹುಣ್ಣಿಮೆಯೇ ಭಾನುವಾರ ಬಿದ್ದರೆ ಹಬ್ಬ ಮುಂದಿನ ಭಾನುವಾರಕ್ಕೆ. ಆದ್ದರಿಂದ ಅದು ಮಾರ್ಚ್ 22ಕ್ಕಿಂತ ಹಿಂದೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಯೇಸುಸ್ವಾಮಿ ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಖದ ಹೊತ್ತಿನಲ್ಲಿ, ಆ ಹಬ್ಬ ಹುಣ್ಣಿಮೆಯದು. ಚಂದ್ರನ ನಂಟು ಅಲ್ಲಿಂದ ಬಂದದ್ದು. ಎಲ್ಲರೂ ಒಂದೇ ದಿನ ಆಚರಿಸಬೇಕೆಂದು 325ರಲ್ಲಿ ನೈಸಿಯದ ಸಭೆ ತೀರ್ಮಾನಿಸಿತು.

ಚಾಂದ್ರಮಾನ ಯುಗಾದಿ ನೋಡುತ್ತಾ ಬೆಳೆದ ನಮ್ಮ ನಾಡಿನವರಿಗೆ ಇದು ಹೊಸದಲ್ಲ. 2026ರಲ್ಲಿ ಯುಗಾದಿ ಮಾರ್ಚ್ 19, ಆಮೇಲಿನ ಹುಣ್ಣಿಮೆ ಏಪ್ರಿಲ್ 2, ಪಾಸ್ಖ ಏಪ್ರಿಲ್ 5. 2027ರಲ್ಲಾದರೋ ಹೋಳಿ ಹುಣ್ಣಿಮೆಯೇ ಮಾರ್ಚ್ 22ಕ್ಕೆ ಬೀಳುತ್ತದೆ, 21ನ್ನು ದಾಟಿತಲ್ಲ! ಹಾಗಾಗಿ ಪಾಸ್ಖ ಯುಗಾದಿಗೂ ಮೊದಲೇ, ಮಾರ್ಚ್ 28ಕ್ಕೆ. ಒಂದು ಎಚ್ಚರಿಕೆ: ಧರ್ಮಸಭೆ ಆಕಾಶ ನೋಡಿ ಹುಣ್ಣಿಮೆ ಹಿಡಿಯುವುದಿಲ್ಲ, ತನ್ನದೇ ಕೋಷ್ಟಕದಿಂದ ಲೆಕ್ಕ ಹಾಕುತ್ತದೆ. 2019ರಲ್ಲಿ ಮಾರ್ಚ್ 21ಕ್ಕೆ ಬಾನಿನಲ್ಲಿ ಹುಣ್ಣಿಮೆಯಿತ್ತು, ಆದರೆ ಕೋಷ್ಟಕದಲ್ಲಿ ಅದು 20ಕ್ಕೇ ಮುಗಿದಿತ್ತು. ಪಾಸ್ಖ ಏಪ್ರಿಲ್ 21ಕ್ಕೆ ಹೋಯಿತು. ಪಂಚಾಂಗ ನೋಡಿ ಅಂದಾಜು ಮಾಡು, ಖಚಿತಪಡಿಸಿಕೊಳ್ಳುವುದು ಮಾತ್ರ ಚರ್ಚಿನ ಕ್ಯಾಲೆಂಡರಿನಿಂದ.

ಪಾಸ್ಖ ಸಿಕ್ಕಿತೆಂದರೆ ಉಳಿದದ್ದು ಬೆರಳೆಣಿಕೆ. 46 ದಿನ ಹಿಂದಕ್ಕೆ ಹೋದರೆ ಬೂದಿ ಬುಧವಾರ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಅದೇ ಉಪವಾಸದ ನಲವತ್ತು ದಿನ. ಪಾಸ್ಖವನ್ನೂ ಸೇರಿಸಿ ಮುಂದಕ್ಕೆ ಎಣಿಸಿದರೆ ಐವತ್ತನೆಯ ದಿನ ಪವಿತ್ರಾತ್ಮರು ಇಳಿದುಬಂದ ಹಬ್ಬ, 2027ರಲ್ಲಿ ಅದು ಮೇ 16.

ಕ್ರಿಸ್ಮಸ್ಸು, ಶಿವಾಜಿನಗರದಲ್ಲಿ ಜನಸಾಗರ ಸೇರುವ ಸೆಪ್ಟೆಂಬರ್ 8ರ ಮಾತೆಯ ಜನ್ಮದಿನ, ಇವು ತಾರೀಕಿಗೆ ಅಂಟಿಕೊಂಡ ಹಬ್ಬಗಳು. ಆದರೂ ಪಾಸ್ಖ ಬಂದರೆ ತಾರೀಕಿನ ಹಬ್ಬವೂ ದಾರಿ ಬಿಡುತ್ತದೆ. ದೇವದೂತ ಮರಿಯಳಿಗೆ ಶುಭವಾರ್ತೆ ತಂದ ಹಬ್ಬ ಮಾರ್ಚ್ 25. 2027ರಲ್ಲಿ ಅದು ಪವಿತ್ರ ಗುರುವಾರದ ಮೇಲೇ ಬೀಳುವುದರಿಂದ ಏಪ್ರಿಲ್ 5ರ ಸೋಮವಾರಕ್ಕೆ ಸರಿಯುತ್ತದೆ. ನನಗೆ ಈ ಕ್ರಮ ಬಹಳ ಇಷ್ಟ. ಯಾವುದು ದೊಡ್ಡದು ಎಂಬುದನ್ನು ಕ್ಯಾಲೆಂಡರೇ ಹೇಳಿಬಿಡುತ್ತದೆ.

ಇನ್ನು ನಿನ್ನ ಮದುವೆ. ತಪಸ್ಸುಕಾಲದಲ್ಲಿ ಮದುವೆಗೆ ನಿಷೇಧವಿಲ್ಲ. ಆದರೆ ಆಗ ಪೀಠಕ್ಕೆ ಹೂವಿಡುವುದಿಲ್ಲ, ಅಲ್ಲೆಲೂಯ ಹಾಡುವುದಿಲ್ಲ, ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ. ಮಲ್ಲಿಗೆಯಿಂದ ಗುಡಿ ತುಂಬಬೇಕೆಂದು ಆಸೆಪಡುವ ನಿನಗೆ ಅದು ಹಿಡಿಸೀತೇ? ಜನವರಿ ತಿಂಗಳು ಬಿಡುವಾಗಿದೆ, ಇಲ್ಲದಿದ್ದರೆ ಏಪ್ರಿಲ್ ಎರಡನೇ ವಾರ ನೋಡು. ನಾನಾದರೆ ಏಪ್ರಿಲ್ ಎನ್ನುತ್ತೇನೆ, ಪಾಸ್ಖ ಕಾಲದ ಬಿಳಿ ಉಡುಪಿನಲ್ಲಿ ಗುರುಗಳು ನಿಂತಿರುತ್ತಾರೆ. ಛತ್ರದವರಿಗಿಂತ ಮೊದಲು ಅವರನ್ನೇ ಕಾಣು, ಭಾನುವಾರದ ಪೂಜೆಗಳಲ್ಲಿ ನಿಮ್ಮ ಮದುವೆಯ ಪ್ರಕಟಣೆ ಓದುವುದಕ್ಕೂ ಸಮಯ ಬೇಕು.